ಪೆನ್ಶನ್ ಇಲ್ಲದ ವರ

ನೌಕರಿ ಇಲ್ಲದಾಂವ ಇಪ್ಪತ್ನಾಕು ವರ್ಷದಾಂವ ಇದ್ರೂ ಮಂದಿ ಅವನ ಅರವತ್ತನೇ ವರ್ಷದ ಚಿಂತಿ ಮಾಡತಾರ. ಇದು ನನ್ನ ಬಾಳಿನ್ಯಾಗ ಒಮ್ಮೆ ಆಗಿ ಮುಗದದ್ದಲ್ಲ, ವಾರಕ್ಕ ಎರಡ ಸಲ ಆಗತಿತ್ತು.

ಎಪ್ಪತ್ತರ ದಶಕದ ಮಾತು. ವಿಜಾಪುರದಾಗ ಗೋಳಗುಮ್ಮಟದ ಹತ್ತಿರ ಒಂದು ತಗಡಿನ ಶೆಡ್ಡು ನನ್ನ ಅಂಗಡಿ. ಸುಟ್ಟ ಪಂಪಿನ ಮೋಟಾರ ಬಿಚ್ಚಿ, ಒಳಗಿನ ಕರೇ ಆದ ತಾಮ್ರದ ತಂತಿ ಕಿತ್ತು, ಹೊಸಾ ತಂತಿ ಸುತ್ತಿ ಕೊಡೂದು ನನ್ನ ಕಸಬು. ತಿಕೋಟಾ, ಹೊನವಾಡ, ಬಬಲೇಶ್ವರ, ನಿಡೋಣಿ, ಎಲ್ಲಿ ಬಾವ್ಯಾಗ ಮೋಟಾರ ಸುಟ್ಟರೂ ನಾ ಚೀಲಾ ಹೆಗಲಿಗಿ ಹಾಕ್ಕೊಂಡು ಬಸ್ ಹತ್ತಾಂವ. ನನಗ ಮಾಲಕ ಇಲ್ಲ, ಹಾಜರಿ ಪುಸ್ತಕ ಇಲ್ಲ. ರಜಾ ಬೇಕಂದ್ರ ನನ್ನನ್ನ ನಾನ ಕೇಳಬೇಕು, ಕೊಡೂದು ಬಿಡೂದು ನನ್ನ ಮರ್ಜಿ. ಇದರ ಸೊಕ್ಕು ನನಗ ಭಾಳ ಇತ್ತು. ಈಗೂ ಐತಿ.

ಆದ್ರ ದಿನಾ ಮುಂಜಾನೆ ಗುಮ್ಮಟದ ತ್ವಾಟಕ್ಕ ತಿರಗಾಡಾಕ ಬರೂ ರಿಟೈರ್ ಆದ ಮಂದಿ ನನ್ನ ಅಂಗಡಿ ಮುಂದ ಒಂದ ನಿಮಿಷ ನಿಲ್ಲೂದು ತಪ್ಪತಿದ್ದಿಲ್ಲ. "ತಮ್ಮಾ, ಕೈಕಾಲ ಗಟ್ಟಿ ಇದ್ದಾಗ ಎಲ್ಲಾ ಖರೆ. ಮುಂದ ಹೆಂಗ? ಪೆನ್ಶನ್ ಇಲ್ಲಲ್ಲೋ ನಿನಗ!" ಯಾರೋ ಸತ್ತಾಗ ಮಾತಾಡಿಸಿದಂಗ ಮಾತಾಡಿಸಿ ಹೋಗತಿದ್ರು. ನನಗ ಮೈಯೆಲ್ಲಾ ಉರೀತಿತ್ತು. "ನಿಮಗ ಪೆನ್ಶನ್ ಕೊಡಾಕ ಸರಕಾರ ಬೇಕಾತು. ನಂದು ನಾ ಮಾಡ್ಕೋತೇನಿ, ಹೋಗ್ರಿ" ಅಂತಿದ್ನಿ. ಅಂದ ಮ್ಯಾಲ ಮಾಡ್ಕೋಬೇಕಾತಲ್ಲ! ಅದ ಕತಿ ಇದು.

೧. ಕನ್ಯಾ ನೋಡಿದ್ದು

ತಿಕೋಟಾದಾಗ ಒಂದ ಕನ್ಯಾ ಐತಿ ಅಂತ ಹೇಳಿದ್ರು. ಹುಡುಗಿ ಅಪ್ಪ ಕನ್ನಡ ಸಾಲಿ ಹೆಡ್ ಮಾಸ್ತರಾಗಿ ರಿಟೈರ್ ಆದಾಂವ. ನಮ್ಮಪ್ಪನ್ನ ಕರಕೊಂಡು ಹೋದ್ನಿ. ಉಪ್ಪಿಟ್ಟು ಬಂತು, ಬಾಳಿಹಣ್ಣ ಬಂತು. ಮಾಸ್ತರ ಕನ್ನಡಕಾ ಏರಿಸಿ ಪರೀಕ್ಷಾ ತಗೋಳ್ಳಾಕ ಕುಂತ್ರು.

"ಮನಿ?"

"ಬಬಲೇಶ್ವರದಾಗ ಸ್ವಂತದ್ದು ಐತ್ರಿ."

"ಚಟಾ?"

"ಚಾ ಕುಡಿಯೂದ ಒಂದ್ರಿ."

"ಪೆನ್ಶನ್?"

"ಇಲ್ರಿ."

ಮಾಸ್ತರ ಕೈಯಾಗಿನ ಬಾಳಿಹಣ್ಣ ತಾಟಿನ್ಯಾಗ ಇಟ್ಟ ಬಿಟ್ರು. "ಮತ್ತ ಅರವತ್ತಾದ ಮ್ಯಾಲ ಏನ ಮಾಡಾಂವ ನೀ?"

"ಮೋಟಾರ ಸುತ್ತತೇನ್ರಿ."

"ಕೈ ನಡಗಿದ್ರ?"

"ನಡಗಕೋತ ಸುತ್ತತೇನ್ರಿ."

ಅಪ್ಪ ನನ್ನ ತೊಡಿ ಚಿವಟಿದ. ಮಾಸ್ತರ ಖಡಕ್ಕಾಗಿ ಹೇಳಿದ್ರು: "ತಾಲೂಕಾ ಕಚೇರಿ ಗುಮಾಸ್ತನ ಮನಿಯಿಂದ ನನ್ನ ಮಗಳನ್ನ ಕೇಳ್ಯಾರ. ಅವಂಗ ಪೆನ್ಶನ್ ಐತಿ. ನಿನಗ ಒಂದ ವರ್ಷ ಟೈಮ್ ಕೊಡತೇನಿ. ಮುಪ್ಪಿನ ಕಾಲಕ್ಕ ಏನರೆ ಬಂದೋಬಸ್ತ್ ಮಾಡ್ಕೊಂಡ ಬಾ. ಇಲ್ಲಂದ್ರ ಅವಂಗ ಕೊಟ್ಟ ಬಿಡತೇನಿ."

ಅಷ್ಟರಾಗ ಹುಡುಗಿ ಚಾ ತಂದ್ಳು. ತಲಿ ಬಗ್ಗಿಸಿ ಇಟ್ಟು ಹೋಗತಾಳ ಅಂತ ಎಲ್ಲಾರೂ ತಿಳಕೊಂಡಿದ್ವಿ. ಆಕಿ ನಿಂತು ನನ್ನ ಕೇಳಿದ್ಳು, "ಮೋಟಾರ ಕೆಲಸದಾಗ ಕರೆಂಟ್ ಹೊಡೀತೈತೇನ್ರಿ?"

"ಒಮ್ಮೊಮ್ಮೆ ಹೊಡೀತೈತ್ರಿ" ಅಂದ್ನಿ, ಖರೆ ಹೇಳೂದು ಚೊಲೊ ಅಂತ.

ಆಕಿ ಅಪ್ಪನ ಕಡೆ ತಿರಗಿ ಅಂದ್ಳು: "ಅಪ್ಪಾ, ಅರವತ್ತರ ಮಾತ ಆಮ್ಯಾಲ ಕೇಳುವಂತಿ. ಮೊದಲ ಇವರಿಗಿ ಮೂವತ್ತಾಗಲಿ."

ನಾ ಅವತ್ತ ಠರಾಯಿಸಿದ್ನಿ. ಮದುವಿ ಆದ್ರ ಈಕೀನ್ನ. ಪೆನ್ಶನ್ ಹುಟ್ಟಸಬೇಕಂದ್ರ ಹುಟ್ಟಸೂದು.

೨. ಸತ್ತರ ಇಷ್ಟು

ಮೊದಲ ಒಬ್ಬ ವಿಮಾ ಏಜೆಂಟನ್ನ ಕರಸಿದ್ನಿ. ಉದ್ದ ತೋಳಿನ ಅಂಗಿ, ಬಗಲಾಗ ಚರ್ಮದ ಚೀಲ. ಸುಟ್ಟ ಮೋಟಾರದ ಮ್ಯಾಲ ಧೋತರದ ಚುಂಗ ಹಾಸಿ ಕುಂತು ಸುರು ಮಾಡಿದ.

"ನೋಡ್ರಿ, ನೀವು ಐದ ವರ್ಷದಾಗ ಸತ್ರ ಮನಿಯವ್ರಿಗೆ ಇಷ್ಟು. ಹತ್ತ ವರ್ಷದಾಗ ಸತ್ರ ಇಷ್ಟು. ಅಪಘಾತದಾಗ ಸತ್ರ ಅದರ ಎರಡ ಪಟ್ಟು!"

"ಸಾಹೇಬ್ರ, ನಾ ಸಾಯಂಗಿಲ್ಲ. ಬದಕಿದ್ರ ಏನ ಕೊಡತೀರಿ?"

"ಕೈ ಹೋದ್ರೂ ಐತ್ರಿ. ಕಣ್ಣ ಹೋದ್ರೂ ಐತಿ."

"ಎಲ್ಲಾ ಇದ್ದು, ಗಟ್ಟಿಮುಟ್ಟ ಮುದುಕ ಆದ್ರ?"

ಏಜೆಂಟ ಚೀಲದಾಗ ಭಾಳೊತ್ತ ಹುಡುಕಿದ. ಒಂದ ಹಳದಿ ಕಾಗದ ತಗದ. ವರ್ಷಾನಗಟ್ಟಲೆ ತುಂಬಿದ್ರ ಕೊನಿಗಿ ತಿಂಗಳಾ ತಿಂಗಳಾ ಏನೋ ಬರತಿತ್ತು. ಆದ್ರ ಕರೆಂಟಿನ ಕೆಲಸಾ ಮಾಡಾವ್ರಿಗೆ ಹಪ್ತಾ ಜಾಸ್ತಿ, ಮ್ಯಾಲ ಡಾಕ್ಟರ್ ಸರ್ಟಿಫಿಕೇಟ್, ಮ್ಯಾಲ ವಯಸ್ಸಿನ ದಾಖಲೆ. ಇಷ್ಟೆಲ್ಲಾ ತುಂಬಿದ್ರ ನಾ ಮುಪ್ಪಿನ ಕಾಲದಾಗ ಉಣಬಹುದಿತ್ತು, ಅಲ್ಲೀತನಕಾ ಉಪವಾಸ ಇರಬೇಕಿತ್ತು.

ನನಗ ಸಿಟ್ಟ ಬಂತು. "ಅಲ್ರೀ, ಊರಿಗೆಲ್ಲಾ ಮುಪ್ಪಿನ ಬಂದೋಬಸ್ತ್ ಮಾಡತೀರಲ್ಲ, ನಿಮಗರೆ ಪೆನ್ಶನ್ ಐತೇನು?"

ಏಜೆಂಟ ಆಕಡೆ ಈಕಡೆ ನೋಡಿದ. ಬಾಜೂ ಚಾದಂಗಡಿ ಚಾಚಾ ಕೇಳಸಗೋತಾನೇನೋ ಅಂತ ದನಿ ಇಳಿಸಿದ. "ಎಲ್ಲೀದ್ರಿ ನನಗ? ನಂದು ಬರೇ ಕಮಿಶನ್ ಮ್ಯಾಲಿನ ಬಾಳೆ." ಒಂದ ಗಳಿಗಿ ನನ್ನ ಕೈಯಾಗಿನ ತಾಮ್ರದ ಉಂಡಿ ನೋಡಿದ. "ಒಂದ ಮಾತ ಕೇಳತೇನಿ, ಬ್ಯಾಸರಾ ಮಾಡ್ಕೋಬ್ಯಾಡ್ರಿ. ಈ ಸುತ್ತೂ ಕೆಲಸಾ ಕಲಿಯಾಕ ಎಷ್ಟ ದಿವಸ ಹಿಡೀತೈತ್ರಿ?"

೩. ಮಳಿಗಾಲದ ತಿಂಗಳು

ಆಮ್ಯಾಲ ಪೋಸ್ಟಿಗಿ ಹೋದ್ನಿ. ತಿಂಗಳಾ ತಿಂಗಳಾ ತುಂಬಿ, ಹದಿನೈದ ವರ್ಷಕ್ಕ ಗಂಟು ತಗೊಳ್ಳೂ ಖಾತೆ ಅಂತ ಒಂದಿತ್ತು. ಕಿಡಕಿ ಒಳಗಿನ ಗುಮಾಸ್ತ ಒಳ್ಳೆ ಮನಶ್ಯಾ. ಅರ್ಜಿ ತಾನ ತುಂಬಿದ, ನಾ ಸಹಿ ಮಾಡಿದ್ನಿ. ಬ್ಯಾಸಿಗ್ಯಾಗ ಖಾತೆ ಗಾಳಿಯಂಗ ಓಡಿತು. ಬಾವಿ ತಳಕ್ಕ ಹೋಗತಾವ, ಮೋಟಾರ ಒಣಾ ತಿರಗಿ ಸುಡತಾವ, ನನ್ನ ಕಿಸೆ ತುಂಬತೈತಿ.

ಮಳಿ ಹತ್ತಿತು. ಯಾರ ಪಂಪ ಸುರು ಮಾಡತಾರ? ಒಂದ ತಿಂಗಳು ತುಂಬಲಿಲ್ಲ, ಎರಡ ತಿಂಗಳು ತುಂಬಲಿಲ್ಲ. ಮೂರನೇದಕ್ಕ ಹೋದಾಗ ಗುಮಾಸ್ತ ಪಾಸಬುಕ್ಕ ಹಿಡಕೊಂಡು ಜಡ್ಡಾದ ಕೂಸಿನ ನೋಡಿದಂಗ ನೋಡಿದ.

"ಹಿಂಗ ತಪ್ಪಿಸಿದ್ರ ಖಾತೆ ಮುರೀತೈತ್ರಿ. ತಿಂಗಳಾ ತಪ್ಪಬಾರದು."

"ನಿಮಗ ಪಗಾರ ತಿಂಗಳಾ ಬರತೈತಿ. ನನಗ ಮೋಟಾರ ಸುಟ್ಟಾಗ ಬರತೈತಿ. ಸರಕಾರ ಮಳಿಗಾಲಾ ಬಿಟ್ಟು ಖಾತೆ ಮಾಡಲಿ!"

"ಅದು ನನ್ನ ಕೈಯಾಗಿಲ್ರಿ."

"ಮತ್ತ ನಾ ಏನ ಮಾಡ್ಲಿ?"

ಅಂವ ಪೆನ್ನ ಕಿವಿಗಿ ಸಿಗಿಸಿ ಭಾಳ ವಿಚಾರ ಮಾಡಿ, ನನ್ನ ಮ್ಯಾಲಿನ ಕಾಳಜಿಯಿಂದ ಅಂದ: "ನೀವು ರಿಪೇರಿ ಅಷ್ಟ ಚೊಲೊ ಮಾಡಬ್ಯಾಡ್ರಿ. ಮಳಿಗಾಲದಾಗ ನಾಕ ಸುಡುವಂಗ ಮಾಡ್ರಿ."

೪. ಅಜ್ಜನ ಹೊರಸು

ಎರಡೂ ಕಡೆ ಸೋತು ಬಬಲೇಶ್ವರಕ್ಕ ಹೋಗಿ ಅಪ್ಪನ ಮುಂದ ಕುಂತ್ನಿ. ನಮ್ಮಪ್ಪ ಬಡಿಗ. ಬಿತ್ತೂ ಕೂರಿಗಿ, ಹರಗೂ ಕುಂಟಿ, ಗಾಡಿ ಮಾಡಾಂವ. ರೈತರು ಅವಂಗ ಕೆಲಸಕ್ಕೊಮ್ಮೆ ರೊಕ್ಕಾ ಕೊಡೂದಿಲ್ಲ. ವರ್ಷಕ್ಕೊಮ್ಮೆ ರಾಶಿ ಮಾಡಿದಾಗ ಕಣದಾಗಿಂದ ಜ್ವಾಳ ಅಳದು ಕೊಡತಾರ. ಅದಕ್ಕ ಆಯ ಅಂತಾರ. ಬಡಿಗ, ಕಂಬಾರ, ಕುಂಬಾರ, ಎಲ್ಲಾರಿಗೂ ಅವರವರ ಪಾಲು. ನನಗ ಇದರ ಹೆಸರ ಕೇಳಿದ್ರ ಆಗತಿದ್ದಿಲ್ಲ. ಕಣದ ಮುಂದ ಚೀಲಾ ಹಿಡಕೊಂಡ ನಿಲ್ಲೂದು ನನಗ ಬ್ಯಾಡ ಅಂತ ಜಗಳಾ ತಗದ ವಿಜಾಪುರಕ್ಕ ಬಂದಾಂವ ನಾ.

ಅಪ್ಪ ಉಳಿ ಮಸಕೋತ ಅಂದ: "ನಿಮ್ಮ ಅಜ್ಜ ಕಡೀಕ ಒಂಬತ್ತ ವರ್ಷ ಹೊರಸ ಬಿಟ್ಟ ಏಳಲಿಲ್ಲ. ಜ್ವಾಳ ನಿಂತೇನು?"

"ಕೆಲಸಾ ಮಾಡದನ ಕೊಟ್ರ?"

"ಕೊಡದನ ಏನ ಮಾಡತಾರ? ಗಟ್ಟಿ ಇದ್ದಾಗ ಅವರ ಕೂರಿಗಿ ಮಾಡ್ಯಾನಲ್ಲ. ಮುಪ್ಪಾತು ಅಂತ ಮರೀಬೇಕೇನು? ಆಯ ಮನಿತನಕ್ಕ ಇರತೈತಿ. ಅವಗ ಆಗಲಿಲ್ಲ, ನಾ ಮಾಡಿದ್ನಿ."

ನನಗ ತಲ್ಯಾಗ ದೀಪಾ ಹತ್ತಿದಂಗಾತು. ಹೊರಸಿನ ಮ್ಯಾಲ ಮಲಗಿದಾಂವಗ ವರ್ಷಾ ವರ್ಷಾ ಮನಿಗಿ ಬರೂದಂದ್ರ ಏನು? ಪೆನ್ಶನ್ನ ಅಲ್ಲೇನು? ಸರಕಾರಕ್ಕ ಈಗೀಗ ತಿಳದೈತಿ, ನಮ್ಮ ಅಜ್ಜಗ ಮೊದಲ ತಿಳದಿತ್ತು!

ಅಪ್ಪ ನಕ್ಕು ಇನ್ನೊಂದ ಹೇಳಿದ. ಒಂದ ವರ್ಷ ಒಬ್ಬ ರೈತ ಜ್ವಾಳದ ಚೀಲಾ ಹೊತಗೊಂಡ ಬಂದು, ಹೊಸ್ತಲದಾಗ ನಿಂತು, ಒಳಗಿನ ಕತ್ತಲದಾಗ ಏನೂ ಕಾಣದ ಕೂಗಿದನಂತ: "ಯಜ್ಜಾ, ಅದೀಯೇನು, ಹೋದಿ?"

ಅಜ್ಜ ಹೊರಸಿನ ಮ್ಯಾಲಿಂದ ಅಂದನಂತ: "ಮೊದಲ ಚೀಲಾ ಇಳಸು. ಆಮ್ಯಾಲ ಹೇಳತೇನಿ."

೫. ಎಮ್ಮಿಗಿ ವೈರ್ ಇಲ್ಲ

ಮರದಿನಾನ ನಿಡೋಣಿಗಿ ಹೋದ್ನಿ. ಅಲ್ಲಿ ಗೌಡ್ರ ಬಾವಿ ಮೋಟಾರ ನಾನ ಸುತ್ತಿದ್ದು. ಹೇಳಿದ್ನಿ: "ಗೌಡ್ರ, ಇನ್ನ ಮ್ಯಾಲ ಕೂಲಿ ಬ್ಯಾಡ. ತಂತಿ ಖರ್ಚ ಕೊಡ್ರಿ ಸಾಕು. ವರ್ಷಕ್ಕೊಮ್ಮೆ ಮೋಟಾರಕ್ಕ ಒಂದ ಚೀಲ ಜ್ವಾಳ ಆಯ ಕೊಡ್ರಿ. ಆದ್ರ ನಾ ಮುದುಕ ಆದ ಮ್ಯಾಲೂ ಕೊಡಬೇಕು."

ಗೌಡ್ರು ಮೀಸಿ ತಿರುವಿದ್ರು. "ಕೂರಿಗಿಗಿ ಆಯ ಐತಿ, ಮೋಟಾರಕ್ಕ ಯಾಕ ಬ್ಯಾಡ? ಕೊಟ್ಟೇವಿ ಹೋಗಲೇ. ನೀ ಮುದುಕ ಆಗು. ಮೋಟಾರ ಮಾತ್ರ ಮುದುಕ ಆಗಬಾರದು."

ನಿಡೋಣಿ, ಹೊನವಾಡ ಎರಡೂ ಕೂಡಿ ಹನ್ನೆರಡ ಮಂದಿ ಒಪ್ಪಿದ್ರು. ನಾ ಗುಮ್ಮಟ ಗೆದ್ದ ಬಾದಶಹಾನಂಗ ಬಸ್ಸಿನ್ಯಾಗ ಕುಂತ ಬಂದ್ನಿ. ಆದ್ರ ಆಯ ಅಂದ್ರ ಏನು ಅನ್ನೂದು ರೈತರಿಗೆ ನನಗಿಂತ ಚೊಲೊ ಗೊತ್ತಿತ್ತು. ಆಯದಾಂವ ಕರದಾಗ ಬರಬೇಕು, ಒಲ್ಲೆ ಅನ್ನಂಗಿಲ್ಲ. ಒಬ್ಬರ ರೇಡಿಯೋ ಗೊರ ಗೊರ ಅಂತು, ಕರದ್ರು. ಇನ್ನೊಬ್ಬರ ಮಗನ ಸೈಕಲ್ ದೀಪಾ ಹತ್ತವಲ್ದು, ಕರದ್ರು. ಮದುವಿ ಹಂದರದಾಗ ಮೈಕ್ ಕೂಗವಲ್ದು, ಅಲ್ಲೂ ನಾನ. ಊಟ ಹಾಕಿದ್ರು, ಅದಕ್ಕ ಸುಮ್ಮ ಇದ್ನಿ.

ಒಂದಿನ ಹೊನವಾಡದಿಂದ ಬಸ್ ಡ್ರೈವರನ ಕೈಯಾಗ ನಿರೋಪ ಬಂತು. ಲಗೂನ ಬರಬೇಕಂತ. ಮೋಟಾರ ಸುಟ್ಟಿರಬೇಕಂತ ತಂತಿ ಉಂಡಿ, ನಟ್ಟ ಬಿಚ್ಚೂ ಪಾನಾ, ಎಲ್ಲಾ ಹೊತಗೊಂಡ ಬಿಸಿಲಾಗ ಹೋದ್ನಿ. ರೈತ ನನ್ನ ಬಾವಿ ಕಡೆ ಕರಕೊಂಡ ಹೋಗಲಿಲ್ಲ, ಕೊಟಗಿ ಕಡೆ ಕರಕೊಂಡ ಹೋದ.

"ಎಮ್ಮಿ ಎರಡ ದಿನದಿಂದ ಹಾಲ ಕೊಡವಲ್ದಪಾ. ಏನಾಗೇತಿ ನೋಡು."

"ಯಪ್ಪಾ, ನಾ ಮೋಟಾರ ರಿಪೇರಿ ಮಾಡಾಂವ! ಎಮ್ಮಿಗಿ ವೈರ್ ಐತೇನು?"

ಅಂವ ಸಿಟ್ಟಿಗೆದ್ದ. "ಆಯಕ್ಕ ಒಪ್ಪೀಯೋ ಇಲ್ಲೋ?"

"ಒಪ್ಪೇನಿ."

"ಹಂಗಾರ ಬಿಚ್ಚದನ ಸುಮ್ಮ ಹೊರಗಿಂದರೆ ಒಂದಿಷ್ಟ ನೋಡಿ ಹೋಗು!"

ನೋಡಿದ್ನಿ. ಏನ ಮಾಡ್ಲಿ? ಸುತ್ತ ತಿರಗಿ, ಕೊಂಬ ಮುಟ್ಟಿ, ಗಂಭೀರಾಗಿ ಹೂಂ ಅಂದ್ನಿ. ಮರದಿನಾ ಎಮ್ಮಿ ಹಾಲ ಕೊಟ್ಟಿತಂತ. ಮುಂದ ಆರ ತಿಂಗಳು ಹೊನವಾಡದಾಗ ನನ್ನ ಮೋಟಾರಕ್ಕ ಕಡಿಮಿ, ಎಮ್ಮಿಗಿ ಜಾಸ್ತಿ ಕರದ್ರು.

೬. ಮಾಸ್ತರ ಮುಂದಿನ ಪಂಚಾಯ್ತಿ

ವರ್ಷ ತುಂಬಿತು. ಸುಗ್ಗಿ ಮುಗದಿತ್ತು, ನನ್ನ ಶೆಡ್ಡಿನ್ಯಾಗ ಹನ್ನೆರಡ ಚೀಲ ಜ್ವಾಳ ನಿಂತಿದ್ವು. ಅಪ್ಪನ್ನ, ಸಾಕ್ಷಿಗಿ ನಿಡೋಣಿ ಗೌಡ್ರನ್ನ ಕರಕೊಂಡು ತಿಕೋಟಾಕ್ಕ ಹೋದ್ನಿ. ಮಾಸ್ತರ ಒಲ್ಲೆ ಅಂದ್ರ ಆಕಿ ತಾಲೂಕಾ ಕಚೇರಿ ಗುಮಾಸ್ತನ ಮನಿಗಿ ಹೋಗತಿದ್ಳು, ಅಷ್ಟ. ಎರಡನೇ ಮಾತಿದ್ದಿಲ್ಲ. ಆಕೀನ್ನ ನೋಡಿದ್ದು ಒಂದ ಸಲ, ಆದ್ರ ವರ್ಷಿಡೀ ತಂತಿ ಸುತ್ತುವಾಗ ಆಕಿ ಮಾತ ನೆನಸಿ ನಕ್ಕು ಎಷ್ಟ ಸಲ ಎಣಿಕಿ ತಪ್ಪೇನೋ ನನಗ ಗೊತ್ತು.

ನಾ ಎಲ್ಲಾ ಹೇಳಿದ್ನಿ. ಮಾಸ್ತರ ಕೇಳಿ, "ಪೆನ್ಶನ್ ಅಂದ್ರ ಆದೇಶ ಪತ್ರ ಇರತೈತಿ, ನಂಬರ ಇರತೈತಿ. ನಿಂದು ಎಲ್ಲೈತಿ?" ಅಂದ್ರು.

ಗೌಡ್ರು ಎದಿ ಮ್ಯಾಲ ಕೈ ಇಟ್ಟು, "ಪತ್ರ ಯಾಕ? ನಾ ಬಂದೀನಲ್ಲ" ಅಂದ್ರು.

"ನೀವು ನಾಳೆ ಇರದಿದ್ರ?"

"ನನ್ನ ಮಗಾ ಕೊಡತಾನ."

"ಇಂವ ಇರದಿದ್ರ? ನಾ ಸತ್ರ ನನ್ನ ಹೆಂಡತಿಗಿ ಅರ್ಧ ಪೆನ್ಶನ್ ಬರತೈತಿ. ನನ್ನ ಮಗಳಿಗಿ ಏನ ಬರತೈತಿ?"

"ಆಯ ಮನಿತನಕ್ಕ ಇರತೈತ್ರಿ ಮಾಸ್ತರ. ಪೂರಾ ಕೊಡತೇವಿ. ಮನ್ಯಾಗ ಒಬ್ಬರು ಕೆಲಸಾ ಮಾಡವ್ರು ಇರಬೇಕು, ಅಷ್ಟ."

ಮಾಸ್ತರ ಟೇಬಲ್ ಗುದ್ದಿದ್ರು. "ಅದನ್ನ ಕೇಳಾಕತ್ತೇನಿ! ಇಂವ ಇಲ್ಲದಾಗ ಯಾರ ಮಾಡವ್ರು?"

ಗೌಡ್ರು ಅಪ್ಪನ ಮಾರಿ ನೋಡಿದ್ರು, ಅಪ್ಪ ನನ್ನ ಮಾರಿ ನೋಡಿದ. ಮುಗೀತು ನನ್ನ ಕತಿ ಅಂದ್ಕೊಂಡ್ನಿ.

ಒಳಗಿಂದ ಹುಡುಗಿ ಹೊರಗ ಬಂದ್ಳು. "ನಾ ಮಾಡತೇನಿ."

"ಹುಚ್ಚಿ! ನೀ ಏನ ಮಾಡತಿ?"

"ಮೋಟಾರ ಸುತ್ತತೇನಿ. ಕೌದಿ ಹೊಲಿಗಿ ಎಣಸಾಕ ಬರತೈತಿ, ತಂತಿ ಸುತ್ತು ಎಣಸಾಕ ಬರಂಗಿಲ್ಲೇನು? ಬಾವ್ಯಾಗ ಇಳಿಯೂದು ಬೇಕಾದ್ರ ಇವರು ಇಳೀಲಿ."

"ಹೆಣ್ಣಮಕ್ಕಳು ಮೋಟಾರ ಸುತ್ತಿದ್ದ ಎಲ್ಲರೆ ಕೇಳೀಯೇನು?"

"ಇಲ್ಲ. ಇನ್ನ ಮ್ಯಾಲ ಎಲ್ಲಾರೂ ಕೇಳತಾರ."

ಮಾಸ್ತರ ದನಿ ಇಳೀತು. "ಮತ್ತ ಗುಮಾಸ್ತನ ಮನಿಯವ್ರಿಗೆ ಏನ ಹೇಳ್ಲಿ?"

"ಅವಂಗ ಪೆನ್ಶನ್ ಐತಿ ಅಂತ ನೀನ ಹೇಳತಿ. ಹಂಗಾರ ಅವಂಗ ನಾ ಯಾಕ?"

ಗೌಡ್ರು ಎದ್ದ ನಿಂತು ನಕ್ಕ ನಗಿಗಿ ತಿಕೋಟಾದ ಬಸ್ ಸ್ಟ್ಯಾಂಡಿನ ಮಂದಿ ತಿರಗಿ ನೋಡಿರಬೇಕು.

೭. ಪೆನ್ಶನ್ ಆತು

ಮದುವಿ ಆತು. ಆಕಿ ಮಾತಿಗಿ ತಪ್ಪಲಿಲ್ಲ. ಆರ ತಿಂಗಳಾಗೂದ್ರಾಗ ಕೈ ಕುದುರಿತು. ಆಕಿ ಸುತ್ತಿದ ಮೋಟಾರ ಎರಡ ಬ್ಯಾಸಿಗಿ ದಾಟಿದ್ರೂ ಸುಡಲಿಲ್ಲ. ನಾ ಸುತ್ತಿದ್ದು ಮಾತ್ರ ಆಗಾಗ ತಿರಗಿ ಬರತಿದ್ವು. ಹೊಟ್ಟಿಕಿಚ್ಚಾತು, ಸುಳ್ಳ ಯಾಕ ಹೇಳಲಿ?

ನಿಡೋಣಿ ಗೌಡ್ರು ಒಂದಿನ ಮೋಟಾರ ಗಾಡ್ಯಾಗ ಹಾಕ್ಕೊಂಡ ಅಂಗಡಿಗಿ ಬಂದ್ರು. ನಾ ಪಾನಾ ಹಿಡಕೊಂಡ ಮುಂದ ಹೋದ್ನಿ. "ನೀ ಬ್ಯಾಡೋ ತಮ್ಮಾ, ನಿಮ್ಮ ಬಾಯಾರನ್ನ ಕರಿ" ಅಂದ್ರು. "ನೀ ಸುಮ್ಮ ಕುಂದರು. ಜ್ವಾಳ ಹೆಂಗಿದ್ರೂ ಬರತೈತಿ."

ಅವತ್ತ ಮಾಸ್ತರ ಮಗಳನ್ನ ನೋಡಾಕ ಬಂದಿದ್ರು. ಬಂದು ನೋಡತಾರ: ಮಗಳು ತಲಿ ಬಗ್ಗಿಸಿ ತಂತಿ ಸುತ್ತಾಕತ್ತಾಳ, ಅಳಿಯ ಜ್ವಾಳದ ಚೀಲದ ಮ್ಯಾಲ ಕುಂತು ಕಾಲ ಅಲ್ಲಾಡಸಾಕತ್ತಾನ.

"ಏನಪಾ ಇದು?" ಅಂದ್ರು.

ನಾ ಎದಿ ಉಬ್ಬಿಸಿ ಹೇಳಿದ್ನಿ: "ಮಾವಾರ, ನೀವು ಐವತ್ತೈದಕ್ಕ ಪೆನ್ಶನ್ ಆದ್ರಿ. ನಾ ಇಪ್ಪತ್ತೆಂಟಕ್ಕ ಆಗೇನಿ. ಕುಂತಲ್ಲಿ ಬರಾಕತ್ತೈತಿ."

ಮಾಸ್ತರ ಬಿಡೂ ಪೈಕಿ ಅಲ್ಲ. "ಅಷ್ಟ ಸುಲಭ ಇಲ್ಲಪಾ. ಪೆನ್ಶನ್ ತಗೊಳ್ಳಾವ್ರು ನಾವು ವರ್ಷಕ್ಕೊಮ್ಮೆ ಕಚೇರಿಗಿ ಹೋಗಿ, ಇನ್ನೂ ಬದಕೇನಿ ಅಂತ ರುಜು ಮಾಡಿ ಬರಬೇಕು. ನಿನಗ ಅದೂ ಇಲ್ಲೇನು?"

ನಾ ಬಾಯಿ ತೆರಿಯೂದ್ರಾಗ ನನ್ನ ಹೆಂಡತಿ ತಂತಿಯಿಂದ ತಲಿ ಎತ್ತದನ ಅಂದ್ಳು:

"ಐತಪ್ಪಾ. ಇವರದು ದಿನಾ ಐತಿ. ಮುಂಜಾನೆ ಎದ್ದು ಚಾ ಮಾಡಿ ನನ್ನ ಮುಂದ ಇಟ್ರ ಬದಕ್ಯಾರಂತ ಬರಕೋತೇನಿ."